ಯಾರೂ ಎತ್ತಬೇಡಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಿಯರ್ ಮಗ್ಗು. ಟಿಲ್ಲಂಬಿ ಊರಿನ ಪಬ್ಬಿನಲ್ಲಿ ಖಾಯಂ ಗಿರಾಕಿಗಳ ಮಗ್ಗುಗಳ ಮೇಲೆ ಹೆಸರು ಬರೆದು ಕೊಕ್ಕೆಗೆ ತೂಗುಹಾಕುತ್ತಾರೆ. ಕ್ಲೆಮ್ ಟ್ರೆಗೆನ್ಜಾನ ಮಗ್ಗಿನ ಮೇಲೆ ಪಬ್ಬಿನ ಒಡತಿ ಥೆಲ್ಮಾ ಕೆಂಪು ಬಣ್ಣದಲ್ಲಿ ‘ಅರೆಬರೆ ಕ್ಲೆಮ್’ ಎಂದು ಬರೆದಿದ್ದಳು. ಅವನ ಮನೆಯ ಬೇಲಿಗೆ ಬೀದಿಯ ಕಡೆ ಮಾತ್ರ ಬಣ್ಣ ಬಳಿದಿತ್ತು, ನಿಜ. ಹಿತ್ತಲಲ್ಲಿ ಅರ್ಧ ಕಟ್ಟಿದ ದೋಣಿಯೊಳಗೆ ಕೋಳಿಗಳು ಸಂಸಾರ ಹೂಡಿದ್ದೂ ನಿಜ. ಹಾಗಂತ ಊರಿಗೆ ಬಂದ ದಾರಿಹೋಕರಿಗೆಲ್ಲ ಆ ಮಗ್ಗನ್ನು ಇಳಿಸಿ ತೋರಿಸಿ ನಗುವುದೆಂದರೇನು?

ಒಂದು ಸಂಜೆ ಕ್ಲೆಮ್‌ನ ಪಿತ್ತ ನೆತ್ತಿಗೇರಿತು.

“ಕ್ರಿಕೆಟ್ ಕ್ಲಬ್ಬಿನ ಹುಲ್ಲು ಕತ್ತರಿಸೋ ಗಾಡಿ ಇದೆಯಲ್ಲ, ಅದರ ಮೇಲೆ ಕೂತು ಬಯಲಿನ ಆ ತುದೀಲಿರೋ ಕಲ್ಗೂರ್ಲಿಯಿಂದ ಈ ಪಬ್ಬಿನ ಮುಂದಿನ ಕಂಬದ ತನಕ ಬರ್ತೀನಿ. ಆಗೇನಂತೀಯ?”

ಥೆಲ್ಮಾ ಕ್ಲಬ್ಬಿನ ಅಧ್ಯಕ್ಷೆಯೂ ಹೌದು. ಮೈದಾನದ ಹುಲ್ಲು ಕತ್ತರಿಸುವುದು ಮೊದಲಿಂದಲೂ ಕ್ಲೆಮ್‌ನ ಕೆಲಸ. ಹಾಗಾಗಿ ಗಾಡಿಗೆ ಅಪ್ಪಣೆ ಅಲ್ಲೇ ಸಿಕ್ಕಿತು.

“ಯಾರೂ ಎತ್ತಬಾರದು, ಎಳೀಬಾರದು. ಗಾಡಿ ತನ್ನ ಚಕ್ರದ ಮೇಲೆ ತಾನೇ ಬಂದು ಕಂಬ ಮುಟ್ಟಿದ್ರೆ ‘ಅರೆಬರೆ’ ಅಳಿಸ್ತೀನಿ,” ಅಂದಳು ಥೆಲ್ಮಾ. “ಒಂದು ಗಜ ಎತ್ತಿಸ್ಕೊಂಡ್ರೂ ಸಾಯೋ ತನಕ ಅದೇ ಹೆಸರು, ತಿಳೀತಾ?”

ಗಾಡಿಯನ್ನು ಗೂಡ್ಸ್ ರೈಲಿಗೆ ಹೇರಿಕೊಂಡು ಕ್ಲೆಮ್ ಕಲ್ಗೂರ್ಲಿಗೆ ಹೋದ. ಅಲ್ಲಿಂದ ಮರವಿಲ್ಲದ ಬಯಲಿನುದ್ದಕ್ಕೂ, ಆಮೆಗೆ ನಾಚಿಕೆಯಾಗುವ ವೇಗದಲ್ಲಿ, ಮೂವತ್ತು ದಿನಕ್ಕೂ ಮೇಲ್ಪಟ್ಟು ಕುಕ್ಕುರಿಸಿಕೊಂಡು ಬಂದ. ಮೂಗಿನ ಚರ್ಮ ಸುಲಿದಿತ್ತು. ಕೂರುವ ಜಾಗದ ಕತೆ ಹೇಳದಿರುವುದೇ ವಾಸಿ. ಈಗ ಊರು ಅರ್ಧ ದಿನದ ದಾರಿ.

ಕಷ್ಟ ಶುರುವಾದದ್ದೇ ಇಲ್ಲಿ. ಆ ಸೀಮೆಯಲ್ಲಿ ರಸ್ತೆ ಬದಿ ಗಾಡಿ ನಿಂತಿದ್ದರೆ ಯಾರೂ ವಿಚಾರಿಸದೆ ಮುಂದೆ ಹೋಗುವುದಿಲ್ಲ. ಮೈಲಿಗಟ್ಟಲೆ ನೀರು ನೆರಳಿಲ್ಲದ ಕಡೆ ಇದು ಜೀವ ಉಳಿಸುವ ಪದ್ಧತಿ. ಕ್ಲೆಮ್‌ಗೆ ಮಾತ್ರ ಬೆನ್ನು ಬಿಡದ ಪೀಡೆಯಾಯಿತು. ಅವನು ಚಹಾ ಕಾಯಿಸಲು ನಿಂತದ್ದೇ ತಡ, ಟಪಾಲು ವ್ಯಾನಿನ ಎನಿಡ್ ಬ್ರೇಕ್ ಹಾಕಿದಳು.

“ಕೆಟ್ಟೋಯ್ತಾ? ವ್ಯಾನಿಗೆ ಹಾಕ್ಕೊಳ್ಲಾ?”

“ಕೆಟ್ಟಿಲ್ಲಮ್ಮ. ಚಹಾ ಕುಡೀತಿದೀನಿ.”

“ಬ್ಲೇಡು ಹೇಗಿದೆ?”

“ಬ್ಲೇಡಾ? ಇದೆ, ಇದ್ದ ಹಾಗೇ ಇದೆ.”

ಎನಿಡ್ ನೆಲಕ್ಕೆ ಮಂಡಿಯೂರಿ, ಗಾಡಿಯ ಕೆಳಗೆ ಬಗ್ಗಿ ನೋಡಿ, ಸಮಾಧಾನದಿಂದ ತಲೆಯಾಡಿಸಿ ಹೊರಟಳು. ಕ್ಲೆಮ್‌ಗೆ ಮೈಯೆಲ್ಲ ಉರಿಯಿತು. ಮನುಷ್ಯ ಸತ್ತೋ ಬದುಕಿಯೋ ಬಂದಿದ್ದಾನೆ, ಅವನ ಮೂಗನ್ನಾದರೂ ವಿಚಾರಿಸಬಾರದೇ? ಅವನಿಗೆ ಚಹಾ ಕಹಿಯಾಯಿತು.

ಇನ್ನೊಂದು ಗಂಟೆಯ ಮೇಲೆ ಪ್ರಕೃತಿಯ ಕರೆ ಬಂತು. ಕ್ಲೆಮ್ ಗಾಡಿ ನಿಲ್ಲಿಸಿ ಪೊದೆಯ ಹಿಂದೆ ಹೋದ. ತಿರುಗಿ ಬಂದು ನೋಡಿದರೆ ಗಾಡಿಯಿಲ್ಲ. ದೂರದಲ್ಲಿ ಒಂದು ಪಿಕಪ್ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು, ಅದರ ಬೆನ್ನ ಮೇಲೆ ಗಾಡಿ.

ಪ್ಯಾಂಟಿನ ಗುಂಡಿ ಒಂದು ಕೈಯಲ್ಲಿ ಹಿಡಿದುಕೊಂಡೇ ಕ್ಲೆಮ್ ಓಡಿದ. ಪಿಕಪ್ಪಿನಲ್ಲಿದ್ದವರು ಊರಿನ ಗೋಧಿ ಬೆಳೆಗಾರರಾದ ಅಣ್ಣ ತಮ್ಮ, ಮರ್ವ್ ಮತ್ತು ಬೇಸಿಲ್. ಕನ್ನಡಿಯಲ್ಲಿ ಇವನನ್ನು ಕಂಡು ನಿಲ್ಲಿಸಿದರು.

“ಬದುಕಿದೀಯೇನೋ?” ಎಂದ ಮರ್ವ್. “ಗಾಡಿ ಒಂದೇ ನಿಂತಿತ್ತು. ನಿನ್ನ ಕತೆ ಮುಗೀತು, ಗಾಡಿನಾದ್ರೂ ಊರಿಗೆ ಮುಟ್ಟಿಸೋಣ ಅಂತ ಬಂದ್ವಿ.”

“ನನ್ನನ್ನ ಹುಡುಕಬೇಕು ಅಂತ ಅನ್ನಿಸ್ಲಿಲ್ವಾ?”

“ಗಾಡಿ ಬಿಟ್ಟು ಆಮೇಲೆ ಬರೋರಿದ್ವಿ,” ಎಂದ ಬೇಸಿಲ್.

“ಎತ್ತಿದ ಜಾಗಕ್ಕೇ ವಾಪಸ್ ತಗೊಂಡು ಹೋಗಿ. ಈಗಲೇ.”

“ಊರು ಈ ಕಡೆ ಇದೆ ಕಣೋ.”

“ಗೊತ್ತು ಕಣಯ್ಯ. ವಾಪಸ್ ನಡೀರಿ.”

ಬಿಸಿಲು ತಲೆಗೆ ಹೊಡೆದಿದೆ ಎಂದು ಅಣ್ಣ ತಮ್ಮ ಕಣ್ಸನ್ನೆ ಮಾಡಿಕೊಂಡು ಪಿಕಪ್ ತಿರುಗಿಸಿದರು. ಆದರೆ ಆ ಬಯಲಿನಲ್ಲಿ ಪೊದೆಗಳೆಲ್ಲ ಒಂದೇ ಥರ. ಮರ್ವ್ ಒಂದನ್ನು ತೋರಿಸಿದ, ಬೇಸಿಲ್ ಇನ್ನೊಂದನ್ನು. ಯಾವುದಕ್ಕೂ ಇರಲಿ ಎಂದು ಕ್ಲೆಮ್ ಅವೆರಡಕ್ಕಿಂತ ಎಷ್ಟೋ ಹಿಂದಿನ ಪೊದೆಯ ಹತ್ತಿರ ಗಾಡಿ ಇಳಿಸಿಕೊಂಡ.

“ಇನ್ಮೇಲೆ ಯಾರೂ ಎತ್ತಬೇಡಿ, ತಳ್ಳಬೇಡಿ, ಮುಟ್ಟಲೂಬೇಡಿ. ಊರಿಗೆಲ್ಲ ಹೇಳಿ,” ಎಂದು ಕೂಗಿದ.

“ಆಯ್ತು ಮಾರಾಯ, ಹೇಳ್ತೀವಿ. ಅಂದ ಹಾಗೆ, ಬ್ಲೇಡು ಸರಿಯಾಗಿದೆ ತಾನೇ?”

ಕ್ಲೆಮ್ ಗಾಡಿ ಶುರು ಮಾಡಿ ಹೊರಟ. ಬಿಸಿಲಿಳಿಯುವ ಹೊತ್ತಿಗೆ ಅವನು ಟಿಲ್ಲಂಬಿ ಮುಟ್ಟಿದ. ಊರಿಗೆ ಊರೇ ಪಬ್ಬಿನ ಮುಂದೆ ನೆರೆದಿತ್ತು. ಚಪ್ಪಾಳೆ ಕೇಳಿ ಕ್ಲೆಮ್ ಎಲ್ಲರತ್ತ ಕೈ ಬೀಸಿದ. ದಿನವಿಡೀ ಇವರನ್ನೆಲ್ಲ ಬೈದುಕೊಂಡೆನಲ್ಲ ಎಂದು ಪಶ್ಚಾತ್ತಾಪವೂ ಆಯಿತು. ಗಾಡಿಯ ಮೂತಿ ಹೋಗಿ ಕಂಬಕ್ಕೆ ತಾಗಿತು.

ಥೆಲ್ಮಾ ಮಾತಿಗೆ ತಪ್ಪುವವಳಲ್ಲ. ಎಲ್ಲರೆದುರಿಗೆ ಚಾಕು ತೆಗೆದು ಮಗ್ಗಿನ ಮೇಲಿನ ‘ಅರೆಬರೆ’ಯನ್ನು ಕೆರೆದು ಹಾಕಿದಳು. ಬರೀ ‘ಕ್ಲೆಮ್’ ಉಳಿಯಿತು. ಅವನು ಇಳಿಯಲು ಕಾಲೆತ್ತಿದ.

“ಇಳೀಬೇಡ,” ಅಂದಳು ಥೆಲ್ಮಾ.

“ಯಾಕೆ?”

“ನಾಳೆ ಬೆಳಿಗ್ಗೆ ಮೊದಲ ಮ್ಯಾಚು. ಮಳೆ ಬಂದು ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು ನಿಂತಿದೆ. ಕುರಿ ಬಿಟ್ಟು ನೋಡಿದ್ವಿ, ಅವು ತಿಂದಿದ್ದಕ್ಕಿಂತ ಹಾಕಿದ್ದೇ ಜಾಸ್ತಿ. ನೀನು ಯಾವಾಗ ಬರ್ತೀಯೋ ಅಂತ ಊರೆಲ್ಲ ಕಾಯ್ತಾ ಇತ್ತು.”

“ನನ್ನನ್ನಾ, ಗಾಡೀನಾ?”

ಎನಿಡ್ ತನ್ನ ಚಪ್ಪಲಿ ನೋಡಿಕೊಂಡಳು.

“ನಿಮಗೆಲ್ಲ ಕರುಳು ಅನ್ನೋದು ಇದೆಯೇನ್ರೋ?” ಎಂದ ಕ್ಲೆಮ್. “ಒಂದು ಬಿಯರ್ ಕುಡಿಯೋಕೂ ಬಿಡಲ್ವಾ?”

“ಮಗ್ಗು ತುಂಬಿಸಿ ಇಟ್ಟಿರ್ತೀನಿ. ಮುಗಿಸ್ಕೊಂಡು ಬಾ.”

ಅಳಿಸಿದ ಹೆಸರಿನ ಖುಷಿ ಇನ್ನೂ ಹಸಿಯಾಗಿತ್ತು. ಒಂದು ಮೈದಾನಕ್ಕಾಗಿ ಅದನ್ನು ಕೆಡಿಸಿಕೊಳ್ಳುವುದೇಕೆಂದು ಕ್ಲೆಮ್ ಹಲ್ಲು ಕಚ್ಚಿಕೊಂಡು ಹೊರಟ. ಬ್ಲೇಡು ಇಳಿಸಿದ. ಒಂದು ಸುತ್ತು, ಎರಡು ಸುತ್ತು ಹುಲ್ಲು ಚೆನ್ನಾಗಿಯೇ ಮಲಗಿತು. ಸರಿಯಾಗಿ ಪಿಚ್ಚಿನ ಪಕ್ಕಕ್ಕೆ ಬರುವಾಗ ಗಾಡಿ ಒಮ್ಮೆ ಸೀನಿತು, ಒಮ್ಮೆ ನಡುಗಿತು, ನಿಂತುಹೋಯಿತು. ಒಳಗೆ ಏನೋ ಮುರಿದು ಕೆಳಗೆ ಬಿದ್ದ ಸದ್ದಾಯಿತು. ಈ ಕಡೆ ನೀಟಾಗಿ ಕ್ಷೌರ ಮಾಡಿದ ಮೈದಾನ, ಆ ಕಡೆ ಮೊಣಕಾಲುದ್ದ ಹುಲ್ಲು.

ಕ್ಲೆಮ್ ಬೇಲಿಯ ಕಡೆ ತಿರುಗಿ ನೋಡಿದ. ಊರೆಲ್ಲ ಅಲ್ಲಿ ಮೊಣಕೈಯೂರಿ ನಿಂತಿತ್ತು.

“ಮರ್ವ್, ಬೇಸಿಲ್, ಬನ್ರೋ. ಎತ್ತಿ ಪಿಕಪ್ಪಿಗೆ ಹಾಕಿ, ಶೆಡ್ಡಿಗೆ ತಗೊಂಡು ಹೋಗಿ ರಿಪೇರಿ ಮಾಡಿ ಮುಗಿಸಿಬಿಡೋಣ.”

ಅಣ್ಣ ತಮ್ಮ ಕೈ ಹಿಂದೆ ಕಟ್ಟಿಕೊಂಡರು.

“ಬೇಡಪ್ಪ,” ಎಂದ ಮರ್ವ್ ಬಹಳ ಗೌರವದಿಂದ. “ಮುಟ್ಟಲೂಬಾರದು ಅಂತ ಹೇಳಿದ್ಯಲ್ಲ. ಊರಿಗೆಲ್ಲ ಹೇಳಿಬಿಟ್ಟಿದೀವಿ.”

ಥೆಲ್ಮಾ ಮಾತ್ರ ಅಲ್ಲಿ ಕಾಣಲಿಲ್ಲ. ಎಲ್ಲಿ ಹೋದಳು ಎಂದು ಕ್ಲೆಮ್ ಕೇಳಿದ.

“ಪಬ್ಬಿನೊಳಗಿದಾಳೆ,” ಅಂದಳು ಎನಿಡ್. “ಕೆಂಪು ಬಣ್ಣದ ಡಬ್ಬಿ ಎಲ್ಲಿಟ್ಟೆ ಅಂತ ಹುಡುಕ್ತಾ ಇದಾಳೆ.”