ಸ್ಕ್ಯಾನ್ ಮಿಷನ್‌ಗೆ ತಪ್ಪುಕಾಣಿಕೆ

ಸ್ಕ್ಯಾನಿಂಗ್ ರೂಮಿನಲ್ಲಿ ನಗುವಂಥದ್ದು ನಡೆಯಬಾರದು. ಆದರೆ ನಡೆಯುತ್ತಲೇ ಇರುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್, ಕಾಡುಗೋಡಿ ಕಡೆಯ ಒಂದು ಸೆಂಟರಿನಲ್ಲಿ ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಆಗಿದ್ದಾಗ ಕಂಡ ಒಬ್ಬರ ಪ್ರಸಂಗಗಳನ್ನಷ್ಟೇ ಇಲ್ಲಿ ಹೇಳುತ್ತೇನೆ.

ಅವರು ಕುಂದಲಹಳ್ಳಿಯ ಹಳೇ ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆದಾರರು ಅವರನ್ನು ಯಜಮಾನರು ಅನ್ನುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಕ್ಯಾನ್ಸರ್ ಇದೆಯೇ ನೋಡಿ ಎಂದು ಆಸ್ಪತ್ರೆಯವರು ಕಳಿಸಿದ್ದರು. ನಗುವ ವಿಷಯವಲ್ಲ. ಆದರೂ ಅವರನ್ನು ನೆನೆದರೆ ಮೊದಲು ನಗುವೇ ಬರುತ್ತದೆ, ಸಂಕಟವಾಗುವುದು ಆಮೇಲೆ.

ಉಡಿದಾರ

ಸೊಂಟದ ಬೆಳ್ಳಿ ಉಡಿದಾರ ತೆಗೆಯಿರಿ, ಇಲ್ಲದಿದ್ದರೆ ಚಿತ್ರದ ತುಂಬ ಅದರದೇ ಗೆರೆ ಬಿದ್ದು ನಾಳ ಕಾಣುವುದಿಲ್ಲ ಅಂದೆ.

"ಅದ್ನ ಬಿಚ್ಚೋದು ಎಣ ಆದ್ಮೇಲೆ ಕಣಪ್ಪ. ನಿಂಗ್ಯಾಕೆ ಅಷ್ಟು ಅವಸರ?" ಅಂದರು.

ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ಅವರ ಹೆಂಡತಿ, "ಬರೀ ಸೊಂಟ ಬುಡಬಾರ್ದು. ಬ್ಯಾರೆ ಏನಾದ್ರೂ ಕಟ್ಟಿ, ಆಮ್ಯಾಕೆ ಬಿಚ್ಚಿ" ಅಂದರು. ಕೈಗೆ ಸಿಕ್ಕಿದ್ದು ಬ್ಯಾಂಡೇಜ್ ಬಟ್ಟೆ. ಅದನ್ನೇ ಸೀಳಿ ಕಟ್ಟಿದೆ.

ರಿಪೋರ್ಟ್ ಬರೆಯುವ ಡಾಕ್ಟರ್ ಮೇಡಂ ಗಾಜಿನಾಚೆಯಿಂದ ನೋಡಿ, "ಸೊಂಟಕ್ಕೆ ಏನ್ರೀ ಗಾಯ?" ಅಂದರು.

"ಗಾಯ ಅಲ್ಲ ಮೇಡಂ. ಬದುಕಿದ್ದಾರೆ ಅನ್ನೋದಕ್ಕೆ ಗುರುತು" ಅಂದೆ.

ಉಸಿರು

ಚಿತ್ರ ತೆಗೆಯುವಾಗ ಉಸಿರಾಡಿದರೆ ಎಲ್ಲ ಮಸುಕು. ಮೈಕಿನಲ್ಲಿ, "ಉಸಿರು ಎಳೆದು ಹಿಡ್ಕೊಳ್ಳಿ" ಅಂದೆ.

"ಇಡ್ಕಂಡಿವ್ನಿ" ಎಂದು ಒಳಗಿಂದ ಉತ್ತರ ಬಂತು. ಚಿತ್ರ ಹಾಳಾಯಿತು.

"ಮಾತಾಡ್ಬೇಡಿ ಯಜಮಾನ್ರೇ."

"ಆಯ್ತು ಬುಡಪ್ಪ, ಆಡಾಕಿಲ್ಲ." ಮತ್ತೆ ಹಾಳು.

ಮಾತಾಡಿಸಿದವರಿಗೆ ಮರುಮಾತು ಕೊಡದೆ ಮಲಗುವುದು ಅವರಿಂದ ಆಗದ ಕೆಲಸ. ವಿಧಿಯಿಲ್ಲದೆ ಹೆಂಡತಿಯನ್ನು ಕರೆದು ಮೈಕ್ ಮುಂದೆ ಕೂರಿಸಿದೆ. ಆಕೆ, "ಉಸ್ರು ಇಡ್ಕಂಡು ಸುಮ್ಕಿರಿ" ಅಂದದ್ದೇ ತಡ, ಯಜಮಾನರು ಕಲ್ಲಾದರು. ಚಿತ್ರ ಸೊಗಸಾಗಿ ಬಂತು. ಉಸಿರು ಬಿಡಿ ಎಂದು ನಾನು ಎಷ್ಟು ಕೂಗಿದರೂ ಬಿಡಲಿಲ್ಲ, ಅದನ್ನೂ ಆಕೆಯೇ ಹೇಳಬೇಕಾಯಿತು.

ಬಾಡಿಗೆದಾರ

ಎಡಗಡೆ ನಾಳದೊಳಗೆ ಏನೋ ಅಡ್ಡ ಕೂತಿತ್ತು. ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು: "ಕ್ಯಾನ್ಸರ್ ಗಡ್ಡೆ ಅಂತಾನೇ ಅನುಮಾನ. ಸಿಟಿ ಸ್ಕ್ಯಾನ್ ಬಹುಪಾಲು ಸರಿಯಾಗೇ ಹೇಳತ್ತೆ. ಆದ್ರೆ ಹೆಪ್ಪುಗಟ್ಟಿದ ರಕ್ತಾನೂ ಒಂದೊಂದ್ಸಲ ಗಡ್ಡೆ ಥರಾನೇ ಕಾಣತ್ತೆ. ಒಳಗೆ ಕ್ಯಾಮೆರಾ ಬಿಟ್ಟು, ಚೂರು ತೆಗೆದು ಪರೀಕ್ಷೆ ಮಾಡ್ಬೇಕು. ಕ್ಯಾನ್ಸರ್ ಆದ್ರೆ ಕಿಡ್ನಿ ತೆಗೀಬೇಕಾಗ್ಬೋದು."

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಯಜಮಾನರು, "ರೂಮು ಕೇಳ್ಕಂಡು ಬರೋರೂ ಇಂಗೇಯ ಮೇಡಂ. ಕಿಟಕೀಲಿ ನೋಡಿದ್ರೆ ಎಲ್ಲಾರೂ ಒಳ್ಳೇರು. ಒಳೀಕ್ ಬಂದ್ಮೇಲೆ ತಾನೆ ಬಣ್ಣ ಗೊತ್ತಾಗೋದು? ನೋಡೇಬುಡಿ. ಕೆಟ್ಟೋನಾದ್ರೆ ಖಾಲಿ ಮಾಡ್ಸಾನ" ಅಂದರು.

ಬಾಡೂಟ

ಕ್ಯಾಮೆರಾ ಬಿಟ್ಟು ತೆಗೆದ ಚೂರಿನಲ್ಲಿ ಕ್ಯಾನ್ಸರ್ ಸಿಗಲಿಲ್ಲ. ಯಜಮಾನರು ಕುರಿ ಕಡಿಸಿ ಸಾಲುಮನೆಯವರಿಗೆಲ್ಲ ಮುದ್ದೆ ಊಟ ಹಾಕಿಸಿದರು. ಮೇಡಂ ಅವರನ್ನೂ ನನ್ನನ್ನೂ ಕರೆದರು. "ಸುಳ್ಳು ಯೋಳೋ ಮಿಷನ್ನೋರು ಬಂದ್ರು" ಎಂದು ನನ್ನನ್ನು ಎಲ್ಲರಿಗೂ ಪರಿಚಯಿಸಿದರು.

ರಾಯಚೂರು ಕಡೆಯ ಗಾರೆ ಕೆಲಸದವನೊಬ್ಬ, "ಮಷಿನ್ ಸುಳ್ಳ ಹೇಳಿದ್ರ ಇವ್ರನ್ಯಾಕ್ರೀ ಊಟಕ್ಕ ಕರದ್ರಿ?" ಎಂದು ಕೇಳಿದ.

"ಮಿಷನ್ನು ಉಣ್ಣಾಕಿಲ್ವಲ್ಲ, ಅದ್ಕೆ" ಅಂದರು.

ಎಲ್ಲರೂ ನಕ್ಕೆವು. ಮೇಡಂ ಮಾತ್ರ ನಗಲಿಲ್ಲ. ಕೈ ತೊಳೆಯುವಾಗ ನನಗಷ್ಟೇ ಕೇಳುವ ಹಾಗೆ, "ಆ ಚೂರು ತುಂಬಾ ಸಣ್ಣದು ಕಣೋ. ಸಿಕ್ಕಿಲ್ಲ ಅಂದ್ರೆ ಇಲ್ಲ ಅಂತಲ್ಲ. ಮತ್ತೊಂದ್ಸಲ ನೋಡಿ ಅಂತ ಆಸ್ಪತ್ರೆಗೆ ಹೇಳಿದೀನಿ" ಅಂದರು.

ತಪ್ಪುಕಾಣಿಕೆ

ಎರಡನೇ ಸಲ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಸಿಕ್ಕಿತು. ಸ್ಕ್ಯಾನ್ ಹೇಳಿದ್ದೇ ನಿಜವಾಗಿತ್ತು. ಕಿಡ್ನಿಯನ್ನೂ ನಾಳವನ್ನೂ ತೆಗೆದರು.

ಕೆಲವು ತಿಂಗಳ ಮೇಲೆ, ಕಾಯಿಲೆ ಬೇರೆ ಕಡೆ ಹರಡಿದೆಯೇ ಎಂದು ನೋಡಲು ಮತ್ತೆ ಸ್ಕ್ಯಾನಿಗೆ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಕೈಯಲ್ಲಿ ತೆಂಗಿನಕಾಯಿ, ಸೇವಂತಿಗೆ ಹಾರ.

"ನಿಜ ಯೋಳಿದ್ ಮಿಷನ್ನ ಊರ್ ತುಂಬಾ ಸುಳ್ಳುಬುರುಕ ಅಂದ್ಬುಟ್ಟೆ. ತಪ್ಪುಕಾಣಿಕೆ ಕೊಡಬೇಕು" ಅಂದರು.

ಆಯುಧಪೂಜೆಯ ದಿನ ಅದೇ ಮಿಷನ್‌ಗೆ ಕುಂಕುಮ ಇಟ್ಟು ಬೂದುಗುಂಬಳ ಒಡೆಯುವವರು ನಾವು. ಬೇಡ ಅನ್ನಲು ಯಾವ ಬಾಯಿ? ಬಾಗಿಲಾಚೆ ಕಾಯಿ ಒಡೆದರು. ಒಳಗೆ ಬಂದು ಹಾರ ಹಾಕಿ, ಕೈ ಮುಗಿದು, ಮಿಷನ್ ಹತ್ತಿರ ಬಗ್ಗಿ, "ತಪ್ಪಾಯ್ತು ತಂದೆ. ಈಗೊಂದ್ಸಲ ಸುಳ್ಳು ಯೋಳ್ಬುಡು, ನಾನ್ ಯಾರ್ಗೂ ಯೋಳಕಿಲ್ಲ" ಅಂದರು. ನಕ್ಕುಕೊಂಡೇ ಹೇಳಿದರು. ನಾನು ಹಾರ ತೆಗೆದಿಟ್ಟು ಅವರನ್ನು ಮಲಗಿಸಿದೆ.

ಪರದೆಯ ಮೇಲೆ ಲಿವರ್ ತುಂಬ ಚುಕ್ಕೆಗಳು.

ನಾನು ಹೊರಗೆ ಬರುವಷ್ಟರಲ್ಲಿ ಅವರು ಎಲ್ಲರಿಗೂ ಕಾಯಿಚೂರು ಹಂಚುತ್ತಿದ್ದರು. ನನಗೂ ಒಂದು ಕೊಟ್ಟು, "ಏನಂತದೆ?" ಅಂದರು.

"ಮೇಡಂ ನೋಡಿ ಹೇಳ್ತಾರೆ" ಅಂದೆ. ಮುಖ ಎತ್ತಿ ಹೇಳಲು ಆಗಲಿಲ್ಲ.

ಅವರು ನನ್ನ ಮುಖ ನೋಡಿ, ಬೆನ್ನು ತಟ್ಟಿ, "ಓಗ್ಲಿ ಬುಡು ಮಗ. ಕಾಯಿ ಕೊಟ್ರೂ ಬಗ್ನಿಲ್ಲ ಅಂದ್ರೆ, ಈ ವೈಟ್‌ಫೀಲ್ಡ್‌ನಾಗೆ ಲಂಚ ಮುಟ್ಟದೇ ಇರೋದು ಈ ಮಿಷನ್ನೊಂದೇ ಕಣಪ್ಪ" ಅಂದರು.