ಥಾಯ್ ಕಾವ್ಯದ ಹೆಣ್ಣೂ ನಮ್ಮ ಯಜಮಾನರ ಭಾಷಣವೂ

ಸಿಟ್ಟು ಬಂದ ಕೂಡಲೇ ತಕ್ಕ ಮಾತು ಆಡಿಬಿಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ಮಾತು ನೆನಪಾಗುವುದು ಎಲ್ಲ ಮುಗಿದು, ಮನೆಗೆ ಬಂದು, ಪಾತ್ರೆ ತಿಕ್ಕುವಾಗ. ಹೀಗಾಗಿ ನಮ್ಮ ಮನೆಯ ಪಾತ್ರೆಗಳ ತಳ ಬೇಗ ಸವೆಯುತ್ತದೆ.

ಇದು ತೊಂಬತ್ತರ ದಶಕದ ಮಾತು, ನಾವು ಅಬುಧಾಬಿಯಲ್ಲಿದ್ದಾಗಿನದು. ನಮ್ಮ ಯಜಮಾನರು ಆಫೀಸಿನ ಕೆಲಸದ ಮೇಲೆ ನಾಲ್ಕು ದಿನ ಬ್ಯಾಂಕಾಕಿಗೆ ಹೋಗಿಬಂದರು. ಅಷ್ಟಕ್ಕೇ ಕನ್ನಡ ಕೂಟದವರು ‘ಥಾಯ್ ಸಾಹಿತ್ಯದಲ್ಲಿ ಸ್ತ್ರೀ’ ಎಂಬ ಭಾಷಣವನ್ನು ಅವರಿಗೆ ಗಂಟುಹಾಕಿದರು. “ನಿನ್ನ ಆಫೀಸಲ್ಲಿ ಒಬ್ಳು ಥಾಯ್ ಹುಡುಗಿ ಇದಾಳಲ್ಲ, ಕೇಳಿ ಏನಾದ್ರೂ ಬರ್ಕೊಡೇ” ಎಂದು ಯಜಮಾನರು ನನಗೆ ಹೇಳಿದರು. ಬರೆಯುವುದು ಯಾವಾಗಲೂ ನನ್ನ ಪಾಲಿಗೇ. ಗಂಡನ ವೀಸಾದಲ್ಲಿರುವ ಹೆಂಗಸು ಅಲ್ಲಿ ಕೆಲಸಕ್ಕೆ ಸೇರಬೇಕಾದರೆ ‘ನನ್ನ ಅಭ್ಯಂತರವಿಲ್ಲ’ ಎಂದು ಗಂಡ ಪತ್ರ ಕೊಡಬೇಕಿತ್ತು. ಆ ಪತ್ರವನ್ನೂ ನಾನೇ ಟೈಪ್ ಮಾಡಿ ಅವರ ಸಹಿ ಹಾಕಿಸಿಕೊಂಡಿದ್ದೆ.

ಹಮ್ದಾನ್ ಸ್ಟ್ರೀಟಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಆ ಥಾಯ್ ಹುಡುಗಿ ವಿಲೈ, ತಮ್ಮ ಕಾವ್ಯಗಳ ಕೆಲವು ಇಂಗ್ಲಿಷ್ ಅನುವಾದಗಳನ್ನು ತಂದುಕೊಟ್ಟಳು. ಓದುತ್ತಾ ಮೈ ಉರಿಯಿತು. ಮುಖ ಚಂದ್ರ, ನಡಿಗೆ ಹಂಸ. ಇದೆಲ್ಲ ನಮ್ಮಲ್ಲೂ ಇದೆ, ಇರಲಿ. ಹೆಂಡತಿ ಮಲಗುವ ಮುಂಚೆ ಗಂಡನ ಕಾಲಿಗೆ ಬೀಳಬೇಕೆಂಬ ಉಪದೇಶ ಬೇರೆ! ಒಂದು ಹಳೆಯ ಕಥೆಯಲ್ಲಂತೂ ಇಬ್ಬರು ಗಂಡಸರು ಒಬ್ಬಳನ್ನು ವರ್ಷಗಟ್ಟಲೆ ಎಳೆದಾಡುತ್ತಾರೆ. ಕೊನೆಗೆ ರಾಜ, ಯಾರು ಬೇಕು ಹೇಳು ಎನ್ನುತ್ತಾನೆ. ಆಕೆ ತಡವರಿಸುತ್ತಾಳೆ. ತಡವರಿಸಿದ್ದಕ್ಕೆ ತಲೆದಂಡ! ಎಳೆದಾಡಿದವರಿಗೆ ಏನೂ ಇಲ್ಲ. “ಸ್ಕೂಲಲ್ಲಿ ನಮಗೆ ಅವಳು ಕೆಟ್ಟವಳು ಅಂತಾನೇ ಹೇಳ್ಕೊಟ್ರು. ನಿಮ್ಮವರಿಗಾದ್ರೂ ನಿಜ ಹೇಳಿ” ಎಂದಳು ವಿಲೈ. ಖಂಡಿತ ಎಂದು ಮಾತು ಕೊಟ್ಟೆ. ಹದಿನೈದು ಪುಟ ಬರೆದೆ, ಅದರಲ್ಲಿ ಹತ್ತು ಪುಟ ಆಕೆಯದೇ.

ಅಲ್ಲಿ ವಾರದ ರಜೆ ಶುಕ್ರವಾರ; ಅಂದು ದುಬೈನ ಮಿರ್ದಿಫ್‌ನಲ್ಲಿ, ಕೂಟದ ಅಧ್ಯಕ್ಷರ ವಿಲ್ಲಾದಲ್ಲಿ ಸಭೆ. ಗಂಡಸರದು ಭಾಷಣ, ಹೆಂಗಸರದು ತಲಾ ಒಂದು ಅಡುಗೆ, ಇದು ನಮ್ಮ ಕೂಟದ ಪದ್ಧತಿ. ನಾನು ಬಿಸಿಬೇಳೆ ಬಾತಿನ ಪಾತ್ರೆ ಕಾಯುತ್ತಾ ಕೊನೆಯ ಸಾಲಿನಲ್ಲಿದ್ದೆ. ಯಜಮಾನರು ಚಂದ್ರನನ್ನೂ ಹಂಸವನ್ನೂ ಉಳಿಸಿಕೊಂಡು, ಆ ಹತ್ತು ಪುಟಗಳನ್ನು ಕಿತ್ತುಹಾಕಿದ್ದರು! “ಮಲಗೋ ಮುಂಚೆ ಗಂಡನ ಕಾಲಿಗೆ ನಮಸ್ಕಾರ! ನಮ್ಮ ಹೆಣ್ಣುಮಕ್ಕಳು ಕಲಿಯೋದು ಎಷ್ಟಿದೆ ನೋಡಿ” ಎಂದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅಧ್ಯಕ್ಷರು, “ಮೇಡಂ, ನೀವೂ ಎರಡು ಮಾತು ಹೇಳಿ” ಎಂದರು. ಎದ್ದು ನಿಂತೆ. ಹತ್ತು ಪುಟವೂ ನಾಲಿಗೆಯ ತುದಿಯಲ್ಲಿತ್ತು. ಬಾಯಿಂದ ಹೊರಟದ್ದು ಮಾತ್ರ, “ಊಟ ಆರ್ತಾ ಇದೆ, ಎಲ್ರೂ ಬನ್ನಿ.”

ಮರುದಿನ ಆಫೀಸಿನಲ್ಲಿ ವಿಲೈ ನನಗಾಗಿಯೇ ಕಾದಿದ್ದಳು. “ಅವಳ ಕಥೆ ಹೇಳಿದ್ರಾ? ಅಷ್ಟು ಜನರ ಮುಂದೆ! ನಿಮ್ಮ ಯಜಮಾನ್ರು ಧೈರ್ಯವಂತರು” ಎಂದಳು. ಈಗಲಾದರೂ ನಿಜ ಹೇಳಿಬಿಡಬಹುದಿತ್ತು. ನಾನು ಹೇಳಿದ್ದೇನು ಗೊತ್ತೇ? “ತುಂಬಾ ಚೆನ್ನಾಗಿ ಹೇಳಿದ್ರು ವಿಲೈ. ಕೆಲವರಂತೂ ಅತ್ತುಬಿಟ್ರು.” ಗಂಡನ ಮರ್ಯಾದೆ ಕಾಯುವುದರಲ್ಲಿ ನನ್ನಂಥ ಗುಣವತಿ ಆ ಕಾವ್ಯಗಳಲ್ಲೂ ಇರಲಾರಳು.