ಎರಡನೆಯ ಗೇರಿನ ದೇವರು

ಅರೆಗಳಿಗೆ ಸುಮ್ಮನಿರುವ ವಿದ್ಯೆಯೊಂದನ್ನು ಬಿಟ್ಟರೆ ಉಳಿದ ವಿದ್ಯೆಗಳೆಲ್ಲ ನನಗೆ ತಕ್ಕಮಟ್ಟಿಗೆ ಬರುತ್ತವೆ. ಸಾಲಿನಲ್ಲಿ ನಿಂತರೆ ಮುಂದಿನವನ ಹಿಮ್ಮಡಿ ತುಳಿಯುತ್ತೇನೆ. ಯಾರಾದರೂ ಕಥೆ ಹೇಳಲು ತೊಡಗಿದರೆ ಕೊನೆಯನ್ನು ನಾನೇ ಹೇಳಿಬಿಡುತ್ತೇನೆ, ಅದೂ ತಪ್ಪಾಗಿ. ಸಾರು ಬಡಿಸುವ ಮೊದಲೇ ಮಜ್ಜಿಗೆ ಕೇಳುವ ಗಂಡಸು ಎಂದು ನನ್ನ ಹೆಂಡತಿ ಕಮಲ ನೆಂಟರೆದುರೇ ಹೇಳುತ್ತಾಳೆ. ಹೊಟ್ಟೆಪಾಡಿಗೆ ನಾನು ವಕೀಲ. ಎದುರು ಪಕ್ಷದವರು ಒಂದು ವಾಕ್ಯ ಮುಗಿಸುವುದರೊಳಗೆ ಮೂರು ಸಲ ಎದ್ದು ನಿಲ್ಲುವವನೆಂದು ಮಂಗಳೂರಿನ ಕೋರ್ಟಿನಲ್ಲಿ ನನಗೊಂದು ಹೆಸರುಂಟು. ಅದು ಒಳ್ಳೆಯ ಹೆಸರೆಂದೇ ನಾನು ಬಹಳ ಕಾಲ ತಿಳಿದುಕೊಂಡಿದ್ದೆ. ಇಂಥವನು ಸ್ಪೋರ್ಟ್ಸ್ ಕಾರು ಕೊಂಡರೆ ಏನಾಗಬೇಕೋ ಅದೇ ಆಯಿತು.

ಸ್ಪೋರ್ಟ್ಸ್ ಕಾರೇ ಯಾಕೆ ಎಂದು ಆಗ ಎಲ್ಲರೂ ಕೇಳಿದರು. ಅದಕ್ಕೆ ಎರಡೇ ಸೀಟು, ಅದಕ್ಕಾಗಿ. ನಮ್ಮಂಥ ಕೂಡುಕುಟುಂಬದಲ್ಲಿ ನಾಲ್ಕು ಸೀಟಿನ ಕಾರು ತಂದವರ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ವರಿಗೆಂದು ತಂದದ್ದರಲ್ಲಿ ಹನ್ನೊಂದು ಮಂದಿ, ಎರಡು ಹಲಸಿನ ಹಣ್ಣು, ಕಾಲು ಕಟ್ಟಿದ ಒಂದು ಕೋಳಿ ಹೋಗುತ್ತವೆ. ತಂದವನು ಮಾತ್ರ ಹಿಂದಿನಿಂದ ನಡೆದು ಬರುತ್ತಾನೆ. ಅದಕ್ಕೇ ನಾನು ಬುದ್ಧಿವಂತಿಕೆ ಮಾಡಿ ಮುಂಬಯಿಯ ಅಂಗಡಿಯೊಂದಕ್ಕೆ ಕಾಗದ ಬರೆದೆ. ಹಡಗು ವಾಡಿಕೆಯಂತೆ ದೂರ ಕಡಲಿನಲ್ಲೇ ನಿಂತಿತು. ಕಾರು ಮಂಜಿಯೆಂಬ ದೊಡ್ಡ ಹಾಯಿದೋಣಿಯಲ್ಲಿ, ಗೋಣಿಚೀಲಗಳ ನಡುವೆ ಹಗ್ಗ ಬಿಗಿಸಿಕೊಂಡು, ಬಂದರಿನಲ್ಲಿ ಬಂದಿಳಿಯಿತು. ಕೆಂಪು ಬಣ್ಣ, ಉದ್ದ ಮೂತಿ, ಮೇಲೆ ಮಾಡು, ಎಂದರೆ ಸೂರು, ಇಲ್ಲ. ಒಂದು ತಿಂಗಳು ಒಣಮೀನಿನ ವಾಸನೆ ಹೋಗಲಿಲ್ಲ ಎಂಬುದನ್ನು ಬಿಟ್ಟರೆ ಮದುಮಗಳ ಹಾಗೆ ಇತ್ತು. ಜೊತೆಗೆ ಕಾರು ನಡೆಸುವ ಕ್ರಮ ಹೇಳುವ ಇಂಗ್ಲಿಷ್ ಪುಸ್ತಕವೊಂದು ಬಂದಿತ್ತು. ಲಾ ಪುಸ್ತಕಗಳನ್ನೇ ಅರಗಿಸಿಕೊಂಡವನಿಗೆ ಇದು ಎಂತದು ಎಂದು ನಾನು ಅದನ್ನು ಕೊನೆಯ ಪುಟದಿಂದ ಓದಿದೆ.

ತೊಂದರೆ ಇದ್ದದ್ದು ಗೇರಿನಲ್ಲಿ. ಒಂದನೆಯ ಗೇರಿನಿಂದ ಎರಡನೆಯದಕ್ಕೆ ಹೋಗಬೇಕಾದರೆ ಕ್ಲಚ್ಚು ಒತ್ತಿ, ಗೇರಿನ ಕೋಲನ್ನು ನಡುವಿಗೆ ತಂದು, ಕ್ಲಚ್ಚು ಬಿಟ್ಟು, ಅಲ್ಲಿ ತುಸು ತಡೆದು, ಮತ್ತೆ ಕ್ಲಚ್ಚು ಒತ್ತಿ, ಆಮೇಲೆ ಎರಡಕ್ಕೆ ನೂಕಬೇಕು. ಏರಿನಲ್ಲಿ ಮೇಲಿನ ಗೇರಿನಿಂದ ಕೆಳಗಿನದಕ್ಕೆ ಇಳಿಸುವಾಗಲೂ ಇದೇ ಕ್ರಮ, ನಡುವಿನಲ್ಲಿ ಎಕ್ಸಿಲರೇಟರನ್ನು ಒಮ್ಮೆ ಮುಟ್ಟುವುದೊಂದು ಹೆಚ್ಚು. ನನಗೆ ಎಲ್ಲ ಬಂತು, ಆ ‘ತುಸು ತಡೆದು’ ಒಂದು ಬರಲಿಲ್ಲ. ತಡೆಯದಿದ್ದರೆ ಒಳಗೆ ಹಲ್ಲಿಗೆ ಹಲ್ಲು ತಾಗಿ ಕಾರು ಕಿರುಚಿಕೊಳ್ಳುತ್ತಿತ್ತು. ತುರಿಮಣೆಯಲ್ಲಿ ಬರಿಯ ಕರಟವನ್ನು ತುರಿದರೆ ಹೇಗೆ ಮೈ ಜುಮ್ಮೆನ್ನುತ್ತದೋ ಹಾಗೆ. ಹಂಪನಕಟ್ಟೆಯಲ್ಲಿ ಜಟಕಾ ಕುದುರೆಗಳು ಕಿವಿ ನಿಮಿರಿಸುತ್ತಿದ್ದವು. ನಾನು ಗುಡ್ಡದ ಬುಡದಲ್ಲಿ ಎರಡನೆಯ ಗೇರು ಹಾಕಿದರೆ ಮೇಲೆ ಕೋರ್ಟಿನಲ್ಲಿ ನನ್ನ ಗುಮಾಸ್ತ ಸದ್ದು ಕೇಳಿ ಕಾಗದಪತ್ರ ಜೋಡಿಸಿಡುತ್ತಿದ್ದನಂತೆ. ಅವನಿಗೊಬ್ಬನಿಗೆ ಉಪಕಾರವಾಯಿತು ಎನ್ನಬೇಕು.

ಇಷ್ಟಾದರೂ ನಾನು ಕಾರನ್ನು ಕೈಬಿಡುತ್ತಿರಲಿಲ್ಲ. ಆದರೆ ನಮ್ಮ ಕುಟುಂಬಕ್ಕೆ ಯಜಮಾನರೊಬ್ಬರುಂಟು, ನನ್ನ ತಾಯಿಯ ಅಣ್ಣ. ನಮ್ಮದು ಅಳಿಯಸಂತಾನ, ಸೋದರಮಾವನ ಮಾತೇ ಮಾತು; ಅವರು ಬೇಡವೆಂದ ಎತ್ತು ಹಟ್ಟಿಯಲ್ಲಿ ನಿಲ್ಲುವುದಿಲ್ಲ, ಬೇಡವೆಂದ ಅಳಿಯ ಚಾವಡಿಯಲ್ಲಿ ಕೂರುವುದಿಲ್ಲ. ಮಾವ ಇರುವುದು ವಾಮಂಜೂರಿನ ಹಿರಿಯರ ಮನೆಯಲ್ಲಿ. ಅಲ್ಲಿನ ದೈವಕ್ಕೆ ಒಂದು ಸೀಯಾಳ ಇಟ್ಟು ಕೈಮುಗಿಯದೆ ಹೊಸ ಬಂಡಿಯಲ್ಲಿ, ನಡೆಸುವವನ ಹೊರತು, ಮನೆಯವರು ಯಾರೂ ಕೂರುವ ಕ್ರಮವಿಲ್ಲ. ಆದಕಾರಣ ಒಂದು ಭಾನುವಾರ ಹೋದೆ. ಮನೆಯ ಮುಂದಿನ ಸಣ್ಣ ದಿಣ್ಣೆಯಲ್ಲಿ ಗೇರು ಇಳಿಸಿದೆ. ಕಾರು ಕಿರುಚಿತು. ಕೋಳಿಗಳು ಮಾಡಿನ ಮೇಲೆ ಹಾರಿದವು, ಮಾವನ ಪ್ರೀತಿಯ ಬಿಳಿ ಎತ್ತು ಹಗ್ಗ ಕಡಿದುಕೊಂಡು ಗದ್ದೆಗೆ ಇಳಿಯಿತು.

ಮಾವನ ವಿಷಯ ಒಂದು ಮಾತು ಹೇಳಬೇಕು. ಅವರು ಐವತ್ತು ವರ್ಷ ಎತ್ತಿನ ಗಾಡಿಯಲ್ಲಿ ಮಂಗಳೂರಿನ ದಾರಿಯಲ್ಲಿರುವ ಕುಲಶೇಖರದ ಏರನ್ನು ಹತ್ತಿ ಇಳಿದವರು, ಒಂದು ದಿನವೂ ಕೈಯಲ್ಲಿ ಬೆತ್ತ ಹಿಡಿದವರಲ್ಲ. ಎತ್ತನ್ನು ಹುಡುಕಿ ತಂದು ಕಟ್ಟಿ, ಕಾಲು ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ನನ್ನ ಹತ್ತಿರ ಮಾತನಾಡಿದರು. ಅವರದ್ದು ತುಳು. ನಾನಿಲ್ಲಿ ಕನ್ನಡಕ್ಕೆ ಇಳಿಸಿ ಬರೆಯುವಾಗ ಅರ್ಧ ಖಾರ ಹೋಯಿತೆಂದೇ ತಿಳಿಯಬೇಕು.

“ಅಳಿಯಾ, ಕೂಗಿಸಿ ನಡೆಸುವವನಿಗೆ ಬಂಡಿ ಯಾಕೆ? ಬರುವ ಭಾನುವಾರ ನಿನ್ನ ಮನೆಗೆ ಊಟಕ್ಕೆ ಬರ್ತೇನೆ. ಇದರಲ್ಲೇ ಬರ್ತೇನೆ. ಕುಲಶೇಖರದ ಏರಿನಲ್ಲಿ ಇದು ಒಮ್ಮೆ ಕೂಗಿದರೂ ಬಂದ ಮಂಜಿಯಲ್ಲೇ ವಾಪಸ್ಸು ಕಳಿಸು.”

ಅಪೀಲು ಇಲ್ಲದ ತೀರ್ಪು. ಮನೆಗೆ ಬಂದು ಕಮಲಳಿಗೆ ಹೇಳಿದರೆ ಅವಳು, ಮಂಜಿ ಹೊರಡುವ ದಿನ ಯಾವುದೆಂದು ಈಗಲೇ ಕೇಳಿ ಇಡುವುದು ಒಳ್ಳೆಯದು ಎಂದಳು. ಅವಳಿಗೂ ಕಾರಿನಲ್ಲಿ ಕೂರುವ ಆಸೆ ಇತ್ತು ಎಂಬುದು ನನಗೆ ಗೊತ್ತು. ತಲೆಗೆ ಕಟ್ಟುವ ರೇಷ್ಮೆಯ ಚೌಕವನ್ನು ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಅದನ್ನು ನೆನೆದು ನನಗೆ ನಿಜವಾಗಿ ಸಂಕಟವಾಯಿತು.

ಮರುದಿನವೇ ಪಾಸ್ಕಲ್ ಪೊರ್ಬುಗಳ ಕಾಲು ಹಿಡಿದೆ. ಇವರು ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದು ಬಂದ ಕೊಂಕಣಿ ಕ್ರೈಸ್ತರು (ಅಂಥವರನ್ನು ನಮ್ಮಲ್ಲಿ ಪೊರ್ಬು ಎಂದೇ ಕರೆಯುವುದು), ಬಂದರಿನಲ್ಲಿ ಒಂದು ತಗಡಿನ ಮಾಡಿನಡಿ ಮೋಟಾರು ರಿಪೇರಿ ಮಾಡುವವರು. ಗೇರಿನ ಪೆಟ್ಟಿಗೆ ಬಿಚ್ಚಿ ನೋಡಿ, ಮುಚ್ಚಿ, ಕೈ ಒರೆಸಿಕೊಂಡು, ಕಾರಿನಲ್ಲಿ ಎಂತದೂ ತೊಂದರೆ ಇಲ್ಲ ಎಂದರು. ನನ್ನನ್ನು ಪಕ್ಕದಲ್ಲಿ ಕೂರಿಸಿ ತಾವೇ ಓಡಿಸಿದರು. ಗೇರು ಬೆಣ್ಣೆಯಲ್ಲಿ ಚಮಚ ಇಳಿದ ಹಾಗೆ ಇಳಿಯಿತು. ಗುಟ್ಟೇನೆಂದು ಕೇಳಿದೆ.

“ಬಲ ಬೇಡ ವಕೀಲ್ರೇ, ಟೈಮ್ ಬೇಕು. ನಡುವಿಗೆ ಬಂದಾಗ ನಾನು ಮನಸ್ಸಿನಲ್ಲಿ ‘ಜೆಜು, ಮರಿ’ ಅಂತ ಹೇಳ್ತೇನೆ. ಏರಿನಲ್ಲಾದರೆ ಬರೀ ‘ಜೆಜು’. ಅಷ್ಟು ಹೊತ್ತು ಸಾಕು.”

ಜೆಜು ಎಂದರೆ ಯೇಸು, ಮರಿ ಎಂದರೆ ಅವರ ತಾಯಿ ಮರಿಯಮ್ಮ. ಸುಲಭವೇ ಸರಿ. ಆದರೆ ನನಗೆ ಮನಸ್ಸಿನಲ್ಲಿ ಹೇಳಿ ಅಭ್ಯಾಸವಿಲ್ಲ, ಏನಿದ್ದರೂ ಬಾಯಲ್ಲೇ. ಹಿರಿಯರ ದೈವಕ್ಕೆ ಸೀಯಾಳ ಇಟ್ಟು ಹೊರಟ ಬಂಡಿಯಲ್ಲಿ, ಮಾವನ ಪಕ್ಕದಲ್ಲಿ ಕೂತು ನಾನು ಪೊರ್ಬುಗಳ ದೇವರನ್ನು ಕೂಗಿದರೆ ಕಾರು ಉಳಿದೀತು, ನಾನು ಉಳಿಯುವುದುಂಟೇ? ಅದಕ್ಕೆ ನಮ್ಮ ಕಡೆಯ ದೇವರೊಬ್ಬರನ್ನು ಹುಡುಕಲು ಹೊರಟೆ. ಸೋಮವಾರ ‘ರಾಮ’ ಎಂದು ನೋಡಿದೆ. ನನ್ನ ಬಾಯಲ್ಲಿ ರಾಮ ಬಂದದ್ದೂ ಹೋದದ್ದೂ ತಿಳಿಯಲಿಲ್ಲ, ಕಾರು ಕಿರುಚಿತು. ಮಂಗಳವಾರ ಊರದೇವರಿರುವಾಗ ದೂರದವರೇಕೆ ಎಂದು ‘ಕದ್ರಿ ಮಂಜುನಾಥ’ ಎಂದೆ. ಪೂರ್ತಿ ಹೇಳಿ ಮುಗಿಸುವಾಗ ಕಾರು ಗುಡ್ಡದಲ್ಲಿ ನಿಂತು, ಹಿಂದಕ್ಕೆ ಜಾರಿ, ಮಾವಿನಕಾಯಿ ಮಾರುವ ಒಬ್ಬ ಮುಸಲ್ಮಾನ ಬ್ಯಾರಿಯ ತಳ್ಳುಗಾಡಿಯನ್ನು ಮುಟ್ಟಿ ನಿಂತಿತು. ಅವನು ಬಿದ್ದ ಮಾವಿನಕಾಯಿ ಹೆಕ್ಕುತ್ತಾ, ದೇವರ ಹೆಸರು ಹೇಳುವಾಗ ಬ್ರೇಕ್ ಒತ್ತಬಾರದೆಂದು ಉಂಟಾ ಎಂದು ಕೇಳಿದ. ಬುಧವಾರದಿಂದ ‘ಶಿವಶಿವ’. ಇದು ಅಳತೆಗೆ ಸರಿಹೋಯಿತು. ಆದರೆ ಎದುರಿನಿಂದ ಒಂದು ಬಸ್ಸು ಬಂದರೆ ಸಾಕು, ಹೆದರಿಕೆಯಲ್ಲಿ ‘ಶಿವಶಿವಶಿವಶಿವ’ ಎಂದು ಅಷ್ಟೂ ಒಂದೇ ಉಸಿರಿಗೆ ಹೊರಬೀಳುತ್ತಿತ್ತು. ದೇವರುಗಳಲ್ಲಿ ತಪ್ಪಿಲ್ಲ, ನಿಮ್ಮ ನಾಲಿಗೆಗೇ ಕ್ಲಚ್ಚು ಇಲ್ಲ ಎಂದು ಪೊರ್ಬುಗಳು ಶನಿವಾರ ಸಂಜೆ ಹೇಳಿ, ಭಾನುವಾರ ಪೂಜೆಯಲ್ಲಿ ನನಗಾಗಿ ಒಂದು ಮೇಣದ ಬತ್ತಿ ಹಚ್ಚುತ್ತೇನೆಂದು ಕಳಿಸಿದರು.

ಭಾನುವಾರ ಬಂತು. ಸೀಯಾಳ ಇಟ್ಟದ್ದಾಯಿತು. ಮಾವ ಶುಭ್ರ ಪಂಚೆಯುಟ್ಟು, ಹೆಗಲಿಗೆ ಶಾಲು ಹಾಕಿ, ದಂಡಿಗೆಯಲ್ಲಿ ಹೊರಿಸಿಕೊಂಡು ಹೋಗುವವರ ಗತ್ತಿನಲ್ಲಿ ನನ್ನ ಎಡಕ್ಕೆ ಕೂತರು. ಎಷ್ಟು ಉದ್ದ ಮೂತಿ, ಕೂರಲು ಮಾತ್ರ ಇಬ್ಬರಿಗೇ ಜಾಗ ಎಂದು ಒಮ್ಮೆ ಹೇಳಿದರು. ಸಪಾಟಾದ ದಾರಿಯಲ್ಲಿ ಶಿವಶಿವ ಎನ್ನುತ್ತಾ ಎರಡು, ಮೂರು ಹಾಕಿದೆ, ಸದ್ದಾಗಲಿಲ್ಲ. ಮಾವ ನನ್ನ ಭಕ್ತಿಯನ್ನು ಮೆಚ್ಚಿದವರಂತೆ ತಲೆದೂಗಿದರು. ಕುಲಶೇಖರದ ಏರು ಎದುರಾಯಿತು. ಅರ್ಧ ಹತ್ತುವಾಗಲೇ ಕಾರು ಏದುಸಿರು ಬಿಡತೊಡಗಿತು. ಇನ್ನು ಮೂರರಿಂದ ಎರಡಕ್ಕೆ ಇಳಿಸದೆ ಗತಿಯಿಲ್ಲ. ಕ್ಲಚ್ಚು ಒತ್ತಿದೆ, ಕೋಲನ್ನು ನಡುವಿಗೆ ತಂದೆ, ಕ್ಲಚ್ಚು ಬಿಟ್ಟು ಎಕ್ಸಿಲರೇಟರನ್ನು ಮುಟ್ಟಿದೆ. ಬಾಯಿಗೆ ಯಾವ ದೇವರೂ ಬರಲಿಲ್ಲ. ಶಿವನೂ ಇಲ್ಲ, ರಾಮನೂ ಇಲ್ಲ. ಕೈ ಆಗಲೇ ಎರಡನೆಯ ಗೇರಿನ ಕಡೆಗೆ ನುಗ್ಗುತ್ತಿತ್ತು.

“ಮೆಲ್ಲ ಮಗಾ,” ಎಂದರು ಮಾವ.

ಕೂಗಿ ಹೇಳಿದ್ದಲ್ಲ, ಹೊಟ್ಟೆಯೊಳಗಿಂದ ತಣ್ಣಗೆ ಹೇಳಿದ್ದು. ನನ್ನ ಕೈ ತಾನಾಗಿಯೇ ತಡೆಯಿತು. ಚಿಕ್ಕಂದಿನಲ್ಲಿ ಗದ್ದೆಯ ಬದುವಿನ ಮೇಲೆ ನಾನು ಓಡುವಾಗ ಅವರು ಇದೇ ಸ್ವರದಲ್ಲಿ ಇದೇ ಮಾತು ಹೇಳುತ್ತಿದ್ದರು. ವಕೀಲನಾದ ಮೇಲೆ ಒಮ್ಮೆಯೂ ಹೇಳಿರಲಿಲ್ಲ. ಆ ಮಾತು ಮುಗಿಯುವಾಗ ಕಾಲು ಕ್ಲಚ್ಚನ್ನು ಒತ್ತಿತು, ಗೇರು ಒಳಗೆ ಹೋಗಿ ಕೂತಿತು. ಒಂದು ಚೂರು ಸದ್ದಿಲ್ಲ. ಕಾರು ಹತ್ತಿತು. ನನಗೆ ಕಣ್ಣಲ್ಲಿ ನೀರು ಬಂತು. ಗಾಳಿಗೆ ಧೂಳು ಬಿತ್ತು ಎಂದು ನಾನೇ ಹೇಳಿಕೊಂಡೆ, ಯಾರೂ ಕೇಳದಿದ್ದರೂ.

ಮನೆಯ ಅಂಗಳದಲ್ಲಿ ಇಳಿದ ಮೇಲೆ ತಡೆಯಲಾರದೆ, ಇಷ್ಟು ವರ್ಷದ ಮೇಲೆ ನನ್ನನ್ನು ಮಗ ಎಂದಿರಲ್ಲ ಮಾವ ಎಂದೆ. ಮಾವ ಶಾಲು ಕೊಡವಿಕೊಳ್ಳುತ್ತಾ ನನ್ನ ಮುಖವನ್ನು ಒಮ್ಮೆ, ಕಾರಿನ ಮುಖವನ್ನು ಒಮ್ಮೆ ನೋಡಿದರು.

“ನಿನಗೆ ಹೇಳಿದ್ದಲ್ಲ. ಬಂಡಿಗೆ ಹೇಳಿದ್ದು. ಏರಿನಲ್ಲಿ ನನ್ನ ಎತ್ತುಗಳಿಗೂ ಹಾಗೇ ಹೇಳುವುದು,” ಎಂದರು. ಕಾರಿನ ಮೂತಿಯನ್ನು ಎರಡು ಸಲ ತಟ್ಟಿದರು. “ಇರಲಿ ಇದು. ಬಂಡಿ ಒಳ್ಳೆಯದುಂಟು. ನಡೆಸುವವ ಇನ್ನೂ ಸ್ವಲ್ಪ ಪಳಗಬೇಕು.”

ಸಂಜೆ ಕಮಲ ರೇಷ್ಮೆಯ ಚೌಕ ಕಟ್ಟಿಕೊಂಡು ಕಡಲತಡಿಯವರೆಗೆ ಕಾರಿನಲ್ಲಿ ಬಂದಳು. ಅಂದಿನಿಂದ ಎಲ್ಲ ಗೇರಿಗೂ ‘ಮೆಲ್ಲ ಮಗಾ’ ಒಂದೇ ಮಂತ್ರ. ಅದನ್ನು ಅವಸರದಲ್ಲಿ ಹೇಳಲು ಬರುವುದಿಲ್ಲ, ಹೇಳಿದರೆ ಮಾವನ ಸ್ವರ ಬರುವುದಿಲ್ಲ. ಪೊರ್ಬುಗಳು ಒಮ್ಮೆ ಹೇಳಿ ನೋಡಿ ಮೆಚ್ಚಿದರು. ಮೇಣದ ಬತ್ತಿಯ ಮಾತನ್ನು ಮಾತ್ರ ನೆನಪಿಸಲು ಮರೆಯಲಿಲ್ಲ.

ಪಳಗಿದೆನೇ ಎಂದು ಕೇಳಿದರೆ, ಮೊನ್ನೆ ಕೋರ್ಟಿನಲ್ಲಿ ನಡೆದದ್ದನ್ನು ಹೇಳಬೇಕಾಗುತ್ತದೆ. ಎದುರು ವಕೀಲರು ಒಂದು ವಾಕ್ಯದ ನಡುವಿನಲ್ಲಿದ್ದರು. ನಾನು ಎಂದಿನಂತೆ ಧಡಕ್ಕನೆ ಎದ್ದೆ. ಎದ್ದವನ ಎಡಗಾಲು ತಾನಾಗಿ ನೆಲವನ್ನು ಒತ್ತಿತು, ಬಾಯಿ ತಾನಾಗಿ ‘ಮೆಲ್ಲ ಮಗಾ’ ಎಂದಿತು, ಇಡೀ ಕೋರ್ಟಿಗೆ ಕೇಳುವ ಹಾಗೆ. ಮುನ್ಸೀಫರು ಕನ್ನಡಕ ತೆಗೆದು, ಅದನ್ನು ಯಾರಿಗೆ ಹೇಳಿದ್ದು ಎಂದು ಕೇಳಿದರು. ಬಂಡಿಗೆ ಎನ್ನಲು ಅಲ್ಲಿ ಬಂಡಿ ಇರಲಿಲ್ಲ. ನನಗೇ ಸ್ವಾಮಿ, ಎಂದು ಹೇಳಿ ಕೂತೆ. ಎದುರು ವಕೀಲರು ಜೀವಮಾನದಲ್ಲಿ ಮೊದಲ ಸಲ ನನ್ನೆದುರು ತಮ್ಮ ವಾಕ್ಯವನ್ನು ಪೂರ್ತಿ ಮುಗಿಸಿದರು. ಕೇಳಿದರೆ, ಅವರು ಹೇಳುತ್ತಿದ್ದದ್ದೇ ಸರಿಯಾಗಿತ್ತು.